ಯಾತರ ಹಿಂಡಿ?

ರೋಗಿಯನ್ನು "ಊಟ ಆಯ್ತಾ?" ಎಂದು ಕೇಳಬಾರದು ಎಂದು ನನಗೆ ಕಲಿಸಿದವರು ನಮ್ಮ ಸಿಸ್ಟರ್.

ಹೈದರಾಬಾದಿನ ದಿಲ್‌ಸುಖ್‌ನಗರದ ಆ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿದ ಮೊದಲ ವಾರ. ಹರ್ನಿಯಾ ಆಪರೇಷನ್‌ಗೆಂದು ರಾಯಚೂರು ಕಡೆಯ ಒಬ್ಬ ಗಾರೆ ಕೆಲಸದ ಗೌಂಡಿ ಬಂದಿದ್ದರು. ಆಪರೇಷನ್‌ಗೆ ಮೊದಲು ಹೊಟ್ಟೆ ಖಾಲಿ ಇರಬೇಕಲ್ಲ, ನಾನು ಪುಸ್ತಕದಲ್ಲಿ ಓದಿದಂತೆ ಕೇಳಿದೆ: "ಊಟ ಮಾಡಿದ್ದೀರಾ?" ಅವರು ತಲೆಯಾಡಿಸಿ, "ಇಲ್ಲವಾ, ನಿನ್ನೆ ರಾತ್ರಿ ಉಂಡಿದ್ದಷ್ಟ" ಎಂದರು. ಹಾಗೆಂದೇ ಬರೆದೆ. ಅಷ್ಟರಲ್ಲಿ ನಮ್ಮ ಇನ್‌ಚಾರ್ಜ್ ಸಿಸ್ಟರ್ ಬಂದರು. ನನ್ನ ಕೈಯಿಂದ ಹಾಳೆ ತೆಗೆದುಕೊಂಡರು, ಅದನ್ನು ನೋಡಲೂ ಇಲ್ಲ. ಮಂಚದ ಪಕ್ಕ ನಿಂತು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದರು:

"ಕಾಕಾ, ಮುಂಜಾನಿ ಏನ್ ತಿಂದ್ರಿ?"

"ಏನಿಲ್ರಿ. ಒಂದ ಪ್ಲೇಟ ಒಗ್ಗರಣಿ. ಎರಡ ಮಿರ್ಚಿ."

ಸಿಸ್ಟರ್ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. ನಾನು ತುರುವೇಕೆರೆ ಕಡೆಯವಳು. ನಮ್ಮಲ್ಲಿ ಒಗ್ಗರಣೆ ಎಂದರೆ ಎಣ್ಣೆಯಲ್ಲಿ ಸಿಡಿಯುವ ಸಾಸಿವೆ, ಕರಿಬೇವು. ಅದನ್ನು ಯಾರಾದರೂ ತಟ್ಟೆಯಲ್ಲಿ ಹಾಕಿಕೊಂಡು ತಿನ್ನುತ್ತಾರೆಯೇ? ರಾಯಚೂರಿನಲ್ಲಿ ತಿನ್ನುತ್ತಾರೆ. ಅಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿಗೆ ಬರೀ 'ಒಗ್ಗರಣಿ' ಎಂದೇ ಹೆಸರು. ಮೆಣಸಿನಕಾಯಿ ಭಜಿಗೆ 'ಮಿರ್ಚಿ'. ಇವೆರಡೂ ಆ ಗೌಂಡಿಯ ಲೆಕ್ಕದಲ್ಲಿ ಊಟವೇ ಅಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ್ದು ತಪ್ಪಾಗಿತ್ತು. ಅರಿವಳಿಕೆ ಕೊಟ್ಟ ಮೇಲೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದಿದ್ದರೆ ಜೀವಕ್ಕೇ ಅಪಾಯವಿತ್ತು. ಆಪರೇಷನ್ ಮರುದಿನಕ್ಕೆ ಹೋಯಿತು. ಸಿಸ್ಟರ್ ನನ್ನನ್ನು ಕಾರಿಡಾರಿಗೆ ಕರೆದು, ಎಲ್ಲರಿಗೂ ಕೇಳುವಂತೆ ಬೈದರು. ಕೊನೆಗೆ ದನಿ ಇಳಿಸಿ ಹೇಳಿದರು:

"ಮಂದಿ ಉದ್ದ ಹೆಸರು ತಿನ್ನಂಗಿಲ್ಲವಾ ತಂಗಿ. ಗಿಡ್ಡ ಹೆಸರು ತಿಂತಾರ. ಅದನ್ನ ಕೇಳಾಕ ಕಲಿ."

ಅವರು ನಿವೃತ್ತರಾಗಿ ಎಂಟು ತಿಂಗಳಾಯಿತು. ಬೀಳ್ಕೊಡುಗೆಯ ದಿನ ನನಗೂ ಮಾತಾಡಲು ಹೇಳಿದ್ದರು. ನನ್ನ ಹರಕುಮುರುಕು ತೆಲುಗಿನಲ್ಲಿ ಎರಡು ಮಾತು ಹೇಳಿ, ಮೂರನೆಯದಕ್ಕೆ ತೆಲುಗು ಪದ ಸಿಗದೆ ಕೂತುಬಿಟ್ಟೆ. ಅವತ್ತು ಹೇಳಲಾಗದ್ದನ್ನು ಈಗ ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ.

ಕುಳ್ಳಗಿನ ಹೆಂಗಸು. ಕನ್ನಡಕ ಮೂಗಿನ ಮೇಲಿದ್ದದ್ದಕ್ಕಿಂತ ತಲೆಯ ಮೇಲಿದ್ದದ್ದೇ ಹೆಚ್ಚು. ನಡೆದರೆ ಓಡಿದ ಹಾಗೆ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಹಿಮಾಯತ್‌ನಗರದಲ್ಲಿ. ಅಜ್ಜ ಯಾವುದೋ ಕಾಲದಲ್ಲಿ ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲೇ ಉಳಿದವರಂತೆ. ಸಿಸ್ಟರ್ ಸಿಂದಗಿಯನ್ನು ನೋಡಿದ್ದು ನಾಲ್ಕೋ ಐದೋ ಸಲ. ಆದರೆ ಬಾಯಿ ಬಿಟ್ಟರೆ ನಿನ್ನೆ ಸಂಜೆಯ ಬಸ್ಸಿಗೆ ಅಲ್ಲಿಂದ ಬಂದಿಳಿದವರಂತೆ ಮಾತು. ಮನೆಯಲ್ಲಿ ಕನ್ನಡ, ವಾರ್ಡಿನಲ್ಲಿ ತೆಲುಗು, ಆಟೋದವರ ಜೊತೆ ಜಗಳಕ್ಕೆ ಹೈದರಾಬಾದಿ ಹಿಂದಿ. ಇಂಗ್ಲಿಷನ್ನು ಕೇಸ್‌ಶೀಟಿನಲ್ಲಿ ಮಾತ್ರ ಬಳಸುತ್ತಿದ್ದರು, ಅದೂ ಹಲ್ಲು ಕಚ್ಚಿಕೊಂಡು.

ಊಟದ ವಿಷಯದಲ್ಲಿ ಇಷ್ಟು ಆಸಕ್ತಿ ಇದ್ದವರಿಗೆ ಅಡುಗೆ ಬರುತ್ತಿರಲಿಲ್ಲ. "ಬರಂಗಿಲ್ಲ" ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ಅಡುಗೆ ಮಾಡುತ್ತಿದ್ದದ್ದು ವಿದ್ಯುತ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಅವರ ಯಜಮಾನರು. ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತರೆ ಸಿಸ್ಟರ್ ತಮ್ಮ ಡಬ್ಬಿ ಬಿಚ್ಚುವ ಮೊದಲು ನಮ್ಮ ಡಬ್ಬಿಗಳನ್ನು ನೋಡುತ್ತಿದ್ದರು. ಕೇರಳದ ಹುಡುಗಿಯಿರಲಿ, ವರಂಗಲ್ಲಿನ ಆಯಾ ಇರಲಿ, ಎಲ್ಲರಿಗೂ ಒಂದೇ ಪ್ರಶ್ನೆ: "ಇದಕ್ಕ ಮನ್ಯಾಗ ಏನಂತೀರಿ?" ಹೋಟೆಲಿನ ಹೆಸರು ಹೇಳಿದರೆ ಒಪ್ಪುತ್ತಿರಲಿಲ್ಲ. ಮನೆಯ ಹೆಸರೇ ಬೇಕು. ಹಸಿದ ಮಗು ಅಡುಗೆಮನೆ ಬಾಗಿಲಲ್ಲಿ ನಿಂತು ಏನು ಕೂಗುತ್ತದೋ ಅದು ಬೇಕು.

ಇದರಿಂದ ಅವರಿಗೆ ನಷ್ಟವೂ ಆಯಿತು. ಒಂದು ವರ್ಷ ಆಸ್ಪತ್ರೆಯ ಗುಣಮಟ್ಟ ನೋಡಲು ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಸಿಸ್ಟರ್ ಬರೆದ ಹಾಳೆಗಳಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಗ್ಗರಣಿ, ಮಿರ್ಚಿ, ಚುಡುವಾ ಎಂದೆಲ್ಲ ಇದ್ದದ್ದನ್ನು ನೋಡಿ, ಇದು ಕೇಸ್‌ಶೀಟೋ ಹೋಟೆಲಿನ ಬೋರ್ಡೋ ಎಂದು ಕೇಳಿದರು. 'ಲೈಟ್ ಬ್ರೇಕ್‌ಫಾಸ್ಟ್' ಎಂದು ಬರೆಯಬೇಕಂತೆ.

ಸಿಸ್ಟರ್ ಕೈಕಟ್ಟಿ ನಿಂತು ತೆಲುಗಿನಲ್ಲಿ ಹೇಳಿದರು: "ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ ಸರ್. ಲೈಟ್ ಬ್ರೇಕ್‌ಫಾಸ್ಟ್ ತಿಂದು ಬಂದವರನ್ನು ಒಬ್ಬರನ್ನೂ ನೋಡಿಲ್ಲ."

ನಾವು ನಗು ತಡೆದುಕೊಳ್ಳಲು ಬೇರೆ ಬೇರೆ ಕಡೆ ನೋಡಿದೆವು. ಅಧಿಕಾರಿ ನಗಲಿಲ್ಲ. ಎಚ್ಚರಿಕೆಯ ಪತ್ರ ಬಂತು. ಆ ವರ್ಷ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಬೇಕಾಗಿದ್ದವರು ಅವರೇ. ಆ ಕುರ್ಚಿಗೆ ಅವರಿಗಿಂತ ಆರು ವರ್ಷ ಕಿರಿಯರೊಬ್ಬರು ಬಂದರು. ಪತ್ರ ಬಂದ ಮರುದಿನದಿಂದ ಸಿಸ್ಟರ್ ಎರಡು ಸಾಲು ಬರೆಯತೊಡಗಿದರು. ಮೇಲಿನ ಸಾಲಿನಲ್ಲಿ ಅಧಿಕಾರಿಯ ಪದ, ಕೆಳಗಿನ ಸಾಲಿನಲ್ಲಿ ರೋಗಿಯ ಪದ. ಕೆಲಸ ಹೆಚ್ಚಾಯಿತು, ಪದ ಬಿಡಲಿಲ್ಲ.

ನಾನು ಇಷ್ಟೆಲ್ಲ ಬರೆಯಲು ಕಾರಣ ಇನ್ನೊಂದು ದಿನ. ಮೂರು ವರ್ಷದ ಹಿಂದಿನ ಬೇಸಿಗೆಯ ಮಧ್ಯಾಹ್ನ. ಸಿಸ್ಟರ್ ಮೇಲಿನ ಮಹಡಿಯ ಮೀಟಿಂಗಿಗೆ ಹೋಗಿದ್ದರು. ತುರ್ತು ವಿಭಾಗದಲ್ಲಿ ನಾನು ಮತ್ತು ಡ್ಯೂಟಿ ಡಾಕ್ಟರ್ ಇದ್ದೆವು. ಅವರು ಸೇರಿ ವರ್ಷವೂ ಆಗಿರದ ಹುಡುಗ, ಬುದ್ಧಿವಂತ, ಸ್ವಲ್ಪ ಅವಸರ. ಆಟೋದಲ್ಲಿ ಇಬ್ಬರು ಹುಡುಗಿಯರು ಬಂದರು. ಇಬ್ಬರೂ ಹತ್ತಿರದ ಹಾಸ್ಟೆಲಿನಲ್ಲಿದ್ದುಕೊಂಡು ನೌಕರಿಯ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಳ್ಳುತ್ತಿದ್ದವರು. ಒಬ್ಬಳು ನಲ್ಗೊಂಡ ಕಡೆಯ ತೆಲುಗಿನವಳು. ಅವಳನ್ನು ಸ್ಟ್ರೆಚರಿನ ಮೇಲೆ ಮಲಗಿಸಿದೆವು. ವಾಂತಿ, ಹೊಟ್ಟೆನೋವು, ಮೈಯೆಲ್ಲ ತಣ್ಣನೆಯ ಬೆವರು, ರಕ್ತದೊತ್ತಡ ಕೆಳಗೆ, ಎರಡು ಮಾತು ಜೋಡಿಸಿ ಹೇಳುವ ಸ್ಥಿತಿಯಲ್ಲೂ ಇಲ್ಲ. ಜೊತೆಗೆ ಬಂದವಳು ವಿಜಯಪುರ ಜಿಲ್ಲೆಯ ಹಳ್ಳಿಯವಳು. ಊರು ಬಿಟ್ಟು ಹದಿನೈದು ದಿನವಾಗಿತ್ತು. ತೆಲುಗು ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ.

ಡಾಕ್ಟರ್ ಅವಳನ್ನು ಹಿಂದಿಯಲ್ಲಿ ಕೇಳಿದರು: "ಏನು ತಿಂದಳು?"

"ಹಿಂಡಿ ಸರ್. ಹಿಂಡಿ ತಿಂದಾಳ್ರಿ."

"ಹಾಂ, ಹಿಂದೀ ಮೇ ಹೀ ಬೋಲೋ."

"ಹಿಂಡಿ ಸರ್! ಹಿಂಡಿ!"

ಅವಳು ಅಳತೊಡಗಿದಳು. ಡಾಕ್ಟರ್ ನನ್ನ ಕಡೆ ತಿರುಗಿದರು. "ನೀವು ಕನ್ನಡದವರಲ್ಲವಾ ಸಿಸ್ಟರ್? ಏನು ಹೇಳುತ್ತಿದ್ದಾಳೆ?"

ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರಿನ ಕೊಟ್ಟಿಗೆ. ಅಮ್ಮ ಹಿಂಡಿ ನೆನೆಸಿ ಹಸುವಿನ ಮುಂದೆ ಇಡುವ ಬಾನಿ. ನನಗೆ ಗೊತ್ತಿದ್ದ ಹಿಂಡಿ ಅದೊಂದೇ.

"ಅದು... ದನಕ್ಕೆ ಹಾಕುವ ಮೇವು, ಡಾಕ್ಟರ್" ಎಂದೆ.

ಅಲ್ಲಿಗೆ ಎಲ್ಲ ಬದಲಾಯಿತು. ಹಾಸ್ಟೆಲಿನ ಹುಡುಗಿ ದನದ ಮೇವು ಯಾಕೆ ತಿನ್ನುತ್ತಾಳೆ? ಪರೀಕ್ಷೆ, ಫಲಿತಾಂಶ ಎಂದು ಏನಾದರೂ ನುಂಗಿ ಬಂದ ಮಕ್ಕಳನ್ನು ನಮ್ಮ ಡಾಕ್ಟರ್ ಅಷ್ಟರಲ್ಲೇ ಕಂಡಿದ್ದರು. 'ವಿಷ ಸೇವನೆಯ ಶಂಕೆ' ಎಂದು ಇಂಗ್ಲಿಷಿನಲ್ಲಿ ಬರೆದರು. ಹೊಟ್ಟೆ ತೊಳೆಯಲು ಟ್ಯೂಬ್ ತರಲು ಹೇಳಿದರು. ನಿಯಮದಂತೆ ಪೊಲೀಸರಿಗೆ ತಿಳಿಸುವ ಫಾರಂ ತೆಗೆದರು. ಜೊತೆಗೆ ಬಂದ ಹುಡುಗಿ ಎಲ್ಲೂ ಹೋಗದಂತೆ ನೋಡಿಕೊಳ್ಳಲು ಸೆಕ್ಯುರಿಟಿಯವನನ್ನು ಪಕ್ಕದಲ್ಲಿ ನಿಲ್ಲಿಸಿದರು. ಅವಳಿಗೆ ಭಾಷೆ ಅರ್ಥವಾಗದಿದ್ದರೂ ಅದು ಅರ್ಥವಾಯಿತು. ಗೋಡೆಗೆ ಒರಗಿದ್ದವಳು ಹಾಗೇ ಜಾರಿ ನೆಲಕ್ಕೆ ಕೂತಳು.

ನಾನು ಟ್ಯೂಬ್ ಹಿಡಿದು ಬರುವಾಗ ಸಿಸ್ಟರ್ ಬಾಗಿಲಲ್ಲಿದ್ದರು. ಡಾಕ್ಟರ್ ನಡೆದದ್ದನ್ನು ಎರಡು ಮಾತಿನಲ್ಲಿ ಅವರಿಗೆ ಹೇಳಿದರು. ಮೊದಲು ಸ್ಟ್ರೆಚರಿನ ಹತ್ತಿರ ಹೋಗಿ ಹುಡುಗಿಯ ಹೆಸರು ಕೇಳಿದರು. ಅವಳು ಹೇಳಿದ್ದು ಬಿರಿದ ಕೊಳಲಿನ ಹಾಗೆ ಕೇಳಿಸಿತು. ಬಾಗಿ ತುಟಿ ನೋಡಿದರು, ಉಸಿರಿಗೆ ಕಿವಿ ಕೊಟ್ಟರು. ಆಮೇಲೆ ನೇರ ಹೋಗಿ, ಆ ಇನ್ನೊಬ್ಬಳ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು.

"ಅಳಬ್ಯಾಡ ಯವ್ವಾ. ಏನ್ ತಿಂದಾಳ?"

"ಹಿಂಡಿ ರಿ..."

"ಯಾತರ ಹಿಂಡಿ?"

ತನ್ನ ಊರಿನ ಮಾತು ಕಿವಿಗೆ ಬಿದ್ದದ್ದೇ ಹುಡುಗಿ ತಲೆಯೆತ್ತಿದಳು. "ಶೇಂಗಾದ್ರಿ ಅಕ್ಕಾರ. ನಮ್ಮವ್ವ ಕುಟ್ಟಿ ಕಳಿಸಿದ್ಲು. ರೊಟ್ಟಿ ಜೋಡಿ ಕೊಟ್ಟೆ."

"ತಿನ್ನೂಕಿಂತ ಮೊದಲ ಆಕಿ ಏನರ ಕೇಳಿದ್ಲೇನು?"

"ಪಲ್ಲೆ ಐತೇನು ಅಂತ ಕೇಳಿದ್ಲರಿ. ಎರಡ ಸಲ ಕೇಳಿದ್ಲು. ಪಲ್ಲೆ ಇಲ್ಲ, ಬರೇ ಹಿಂಡಿ ಅಂದೆ."

ಸಿಸ್ಟರ್ ಒಂದು ಕ್ಷಣ ಕಣ್ಣು ಮುಚ್ಚಿದರು.

ವಿಜಯಪುರದ ಹುಡುಗಿಗೆ ಹಿಂಡಿ ಎಂದರೆ ಚಟ್ನಿಪುಡಿ, ಪಲ್ಲೆ ಎಂದರೆ ಪಲ್ಯ. ನಲ್ಗೊಂಡದ ಹುಡುಗಿ ಕೇಳಿದ್ದು 'ಪಲ್ಲಿ'. ತೆಲುಗಿನಲ್ಲಿ ಪಲ್ಲಿ ಎಂದರೆ ಶೇಂಗಾ, ನಮ್ಮ ಕಡಲೆಕಾಯಿ. ಅವಳು ಇದರಲ್ಲಿ ಶೇಂಗಾ ಇದೆಯಾ ಎಂದು ಎರಡು ಸಲ ಕೇಳಿ, ಇಲ್ಲ ಎಂದ ಮೇಲೆ ಶೇಂಗಾದ ಚಟ್ನಿಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದಳು.

ಸಿಸ್ಟರ್ ಎದ್ದು ನಿಂತರು. "ಹಿಂದೀ ನಹೀ ಡಾಕ್ಟರ್ ಸಾಬ್, ಹಿಂಡಿ. ಪಲ್ಲಿ ಪುಡಿ. ಎರಡು ಸಲ ಕೇಳಿ ತಿಂದಿದ್ದಾಳೆ ಎಂದರೆ ತನಗೆ ಆಗುವುದಿಲ್ಲ ಎಂದು ಗೊತ್ತಿದ್ದವಳು. ಇದು ವಿಷ ಅಲ್ಲ, ಅಲರ್ಜಿ. ದನಿ ಆಗಲೇ ಒಡೆದಿದೆ, ಗಂಟಲು ನೋಡಿ."

ಡಾಕ್ಟರ ಮೇಲೆ ನನಗೆ ಗೌರವವಿರುವುದು ಇದಕ್ಕೆ: ಆ ಹುಡುಗ ಒಂದು ಕ್ಷಣವೂ ವಾದ ಮಾಡಲಿಲ್ಲ. ಟ್ಯೂಬನ್ನು ಪಕ್ಕಕ್ಕೆ ಸರಿಸಿ ಅಡ್ರಿನಲಿನ್ ಕೇಳಿದರು. ತೊಡೆಗೆ ಚುಚ್ಚಿದರು, ಕಾಲು ಎತ್ತರಿಸಿದೆವು, ಆಮ್ಲಜನಕ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಇನ್ನೊಂದು ಡೋಸ್. ಸಿಗದೇ ಹೋಗಿದ್ದ ನಾಡಿ ನನ್ನ ಬೆರಳಿನ ಕೆಳಗೆ ಮೊದಲು ದಾರದ ಹಾಗೆ, ಆಮೇಲೆ ಹಗ್ಗದ ಹಾಗೆ ಬಂತು. ಅರ್ಧ ಗಂಟೆಯಲ್ಲಿ ಹುಡುಗಿ ಕಣ್ಣು ಬಿಟ್ಟು ತನ್ನ ಗೆಳತಿ ಎಲ್ಲಿ ಎಂದು ಕೇಳಿದಳು.

ಅಲ್ಲಿಗೆ ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಸಿಸ್ಟರಿಗೆ ಮುಗಿದಿರಲಿಲ್ಲ. ಪೊಲೀಸರ ಫಾರಂ ಅರ್ಧ ತುಂಬಿ ಮೇಜಿನ ಮೇಲೆ ಬಿದ್ದಿತ್ತು. ಅದನ್ನೂ ಕೇಸ್‌ಶೀಟನ್ನೂ ಡಾಕ್ಟರ ಮುಂದಿಟ್ಟು, "ಇದನ್ನು ಹೊಡೆದು ಹಾಕಿ, ಸರಿಯಾದದ್ದು ಬರೆದು ಸಹಿ ಮಾಡಿ. ಪಕ್ಕದಲ್ಲಿ ನಾನೂ ಸಹಿ ಹಾಕುತ್ತೇನೆ. ಜೊತೆಗೆ ಬಂದ ಆ ಮಗುವಿನ ಹೆಸರು ಎಲ್ಲಿಯೂ ಉಳಿಯಬಾರದು" ಎಂದರು. ಸಹಿ ಬೀಳುವವರೆಗೆ ಕದಲಲಿಲ್ಲ. ಸೆಕ್ಯುರಿಟಿಯವನನ್ನು ಕಳಿಸಿ, ನೆಲದ ಮೇಲಿದ್ದವಳನ್ನು ಎಬ್ಬಿಸಿ ಚಹಾ ಕುಡಿಸಿದರು. ಸಂಜೆ ನಲ್ಗೊಂಡದಿಂದ ತಾಯಿ ಬಂದರು. ನಮ್ಮ ಮಗಳಿಗೆ ಏನು ಹಾಕಿದೆಯೇ ಎಂದು ಆ ಹುಡುಗಿಯ ಮೇಲೆ ಏರಿ ಹೋಗುವವರಿದ್ದರು. ಸಿಸ್ಟರ್ ನಡುವೆ ಬಂದು ನಿಂತರು.

"ತನ್ನ ತಾಯಿ ಕಳಿಸಿದ್ದನ್ನು ನಿಮ್ಮ ಮಗಳಿಗೆ ಕೊಟ್ಟಿದ್ದಾಳಮ್ಮಾ. ಅದನ್ನು ಬಿಟ್ಟು ಬೇರೆ ಏನೂ ಹಾಕಿಲ್ಲ."

ಆ ತಾಯಿ ಹುಡುಗಿಯ ಕೈ ಹಿಡಿದುಕೊಂಡು ಮಗಳ ಮಂಚದ ಹತ್ತಿರ ಕರೆದುಕೊಂಡು ಹೋದರು.

ಡ್ಯೂಟಿ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಸಿಸ್ಟರಿಗೆ ಹೇಳಿದೆ: ದನದ ಮೇವು ಎಂದದ್ದು ನಾನು ಅಂತ. ಅವರಿಗೆ ಆಗಲೇ ಗೊತ್ತಿತ್ತು. ಬೈಗುಳಕ್ಕೆ ಕಾಯುತ್ತ ನಿಂತೆ. ಅವರು ಚಪ್ಪಲಿಯ ಪಟ್ಟಿ ಬಿಗಿಯುತ್ತ ಕೇಳಿದರು:

"ನಿಮ್ಮ ಕಡೆ ದನಕ್ಕ ಹಾಕೂದು ಯಾತರ ಹಿಂಡಿ?"

"ಕಡಲೆಕಾಯಿದು, ಅಕ್ಕಾ. ಎಣ್ಣೆ ತೆಗೆದು ಉಳಿದದ್ದು."

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ನಮ್ಮೂರಿನ ಹಿಂಡಿಯೂ ಶೇಂಗಾದ್ದೇ. ಎಣ್ಣೆ ಹಿಂಡಿ ಉಳಿದದ್ದು ನಮ್ಮದು, ಹುರಿದು ಕುಟ್ಟಿದ್ದು ಅವರದು.

"ಮತ್ತ? ಅರ್ಧ ಹಾದಿ ನೀನೂ ಬಂದಿದ್ದಿ" ಎಂದರು. "ಅಲ್ಲೇ ನಿಂತಿ. ಗೊತ್ತೈತಿ ಅಂತ ನಿಂತಿ. ಗೊತ್ತಿಲ್ಲ ಅನ್ಕೊಂಡಿದ್ರ ಆಕೀನ ಇನ್ನೊಂದ ಮಾತು ಕೇಳತಿದ್ದಿ."

ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಮೆಟ್ರೋದಲ್ಲಿ ಮನೆಯವರೆಗೆ ಅಳುತ್ತ ಹೋದೆ.

ಎರಡು ದಿನದ ಮೇಲೆ ಹುಡುಗಿಯ ಡಿಸ್ಚಾರ್ಜ್. ಕಾಗದ ಕೊಡುವ ಮೊದಲು ಸಿಸ್ಟರ್ ಇಬ್ಬರು ಹುಡುಗಿಯರನ್ನೂ ತಾಯಿಯನ್ನೂ ಸಾಲಾಗಿ ಕೂರಿಸಿ ಪರೀಕ್ಷೆ ತೆಗೆದುಕೊಂಡರು. ಶೇಂಗಾಕ್ಕೆ ಏನೇನು ಹೆಸರು? ಪಲ್ಲಿ, ವೇರುಶೆನಗ, ಮೂಂಗ್‌ಫಲಿ, ಕಡಲೆಕಾಯಿ. "ಇವೆಲ್ಲ ಅಂಗಡಿಯ ಹೆಸರು. ಈಗ ಮನೆಯ ಹೆಸರು ಹೇಳಿ" ಎಂದರು. ಹಿಂಡಿ, ಪುಡಿ, ಚಿಕ್ಕಿ, ಉಂಡಿ. ರೊಟ್ಟಿ ಕೊಟ್ಟವಳು ತನ್ನ ಮನೆಯಲ್ಲಿ ಶೇಂಗಾ ಯಾವ್ಯಾವುದರಲ್ಲಿ ಬೀಳುತ್ತದೆ ಎಂದು ಬೆರಳು ಮಡಿಸಿ ಹೇಳುತ್ತ ಹೋದಳು. ಎರಡೂ ಕೈ ಬೆರಳು ಮುಗಿದವು. ನಲ್ಗೊಂಡದವಳು ನಗುತ್ತ, "ಹಾಗಾದರೆ ನಿಮ್ಮೂರಲ್ಲಿ ನಾನು ನೀರು ಮಾತ್ರ ಕುಡಿಯಬೇಕು" ಎಂದಳು. ಇಬ್ಬರೂ ಮತ್ತೆ ಅದೇ ಕೋಣೆಗೆ ಹೋದರು. ಬೀಳ್ಕೊಡುಗೆಯ ದಿನ ಇಬ್ಬರೂ ಬಂದಿದ್ದರು. ನಲ್ಗೊಂಡದವಳಿಗೆ ಸರ್ಕಾರಿ ನೌಕರಿ ಸಿಕ್ಕಿತ್ತು.

ಹಿಂಡಿಯ ಪ್ರಕರಣ ನಡೆದ ತಿಂಗಳ ಮೀಟಿಂಗಿನಲ್ಲಿ ಡಾಕ್ಟರ್ ತಮ್ಮ ತಪ್ಪನ್ನು ಎಲ್ಲರ ಎದುರು ತಾವೇ ಹೇಳಿಕೊಂಡರು. ನಾನೂ ಎದ್ದು ನನ್ನದನ್ನು ಹೇಳಿದೆ. ಸಿಸ್ಟರ್ ಹಿಂದಿನ ಸಾಲಿನಲ್ಲಿ, ಯಾರದೋ ಮನೆಯ ಮಾತು ಕೇಳುತ್ತಿರುವವರಂತೆ ಕಿಟಕಿ ಕಡೆ ನೋಡುತ್ತ ಕೂತಿದ್ದರು. ಅವರಿಗೆ ಬಡ್ತಿಯೇನೂ ಸಿಗಲಿಲ್ಲ, ಅದೇ ಹುದ್ದೆಯಲ್ಲಿ ನಿವೃತ್ತರಾದರು. ಆದರೆ ಅವರ ಎರಡನೇ ಸಾಲನ್ನು ಮತ್ತೆ ಯಾರೂ ಪ್ರಶ್ನಿಸಲಿಲ್ಲ. ಹೊಸದಾಗಿ ಬಂದ ಡಾಕ್ಟರುಗಳು ಮೇಲಿನ ಸಾಲು ಬಿಟ್ಟು ಕೆಳಗಿನದನ್ನೇ ಮೊದಲು ಓದುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಿಸ್ಟರ್ ನಿವೃತ್ತರಾದ ಮೇಲೆ ನಾವು ನಗರದ ಇನ್ನೊಂದು ತುದಿಯ ಕೊಂಡಾಪುರಕ್ಕೆ ಮನೆ ಬದಲಿಸಿದೆವು. ಅಲ್ಲಿಂದ ದಿಲ್‌ಸುಖ್‌ನಗರಕ್ಕೆ ದಿನಾ ಓಡಾಡುವುದು ಆಗದ ಮಾತು. ಹತ್ತಿರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಂಟರ್‌ವ್ಯೂಗೆ ಹೋದೆ. ಗಾಜಿನ ಗೋಡೆ, ತಣ್ಣನೆಯ ಕೋಣೆ. ಎದುರು ಕೂತಿದ್ದ ನರ್ಸಿಂಗ್ ಸೂಪರಿಂಟೆಂಡೆಂಟ್ ನನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತಿರುವುತ್ತಿದ್ದರು. ಮುಖದಲ್ಲಿ ಯಾವ ಭಾವವೂ ಇಲ್ಲ. ತೆಲುಗಿನಲ್ಲಿ ಕೇಳಿದರು:

"ಅಲ್ಲಿ ಯಾರ ಕೈಕೆಳಗೆ ಇದ್ದಿರಿ?"

ನಾನು ಅವರ ಹೆಸರು ಹೇಳಿದೆ.

ಮೇಡಂ ಪೆನ್ನು ಕೆಳಗಿಟ್ಟರು. ಮೊದಲ ಸಲ ನನ್ನ ಮುಖ ನೋಡಿದರು.

"ನಾನು ಟ್ರೇನಿಂಗಿನಲ್ಲಿದ್ದಾಗ ನನ್ನನ್ನು ಎರಡು ಸಲ ಅಳಿಸಿದ್ದಾರೆ" ಎಂದರು. ಪದಕ ತೆಗೆದು ಮೇಜಿನ ಮೇಲೆ ಇಟ್ಟಂತಿತ್ತು ಆ ಮಾತು.

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ನನ್ನನ್ನು ಐದು ಸಲ, ಮೇಡಂ."

ಅವರು ನನ್ನ ಫೈಲು ಮುಚ್ಚಿ, "ಯಾವತ್ತಿನಿಂದ ಕೆಲಸಕ್ಕೆ ಬರುತ್ತೀರಿ?" ಎಂದರು. ಬೇರೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.